ಎಣ್ಣೆ ಹಚ್ಚಿಸಿಕೊಳ್ಳುವ ಸರದಿ

ಸೊಲ್ಲಾಪುರದಲ್ಲಿ ವರ್ಷದ ಅತಿ ದೊಡ್ಡ ಎಣ್ಣೆಸ್ನಾನ ನಡೆಯುವುದು ಮನುಷ್ಯರಿಗಲ್ಲ, ಲಿಂಗಗಳಿಗೆ. ಸಂಕ್ರಾಂತಿಯ ಹಿಂದಿನ ದಿನ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯಲ್ಲಿ, ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿ ಬಾರಾಬಂದಿ ತೊಟ್ಟ ಗಂಡಸರು ಆ ಎತ್ತರದ ಕೋಲುಗಳನ್ನು ಹೊತ್ತು ಊರ ಸುತ್ತಲಿನ 68 ಲಿಂಗಗಳ ದಾರಿ ಹಿಡಿಯುತ್ತಾರೆ. ಒಂದೊಂದು ಲಿಂಗಕ್ಕೂ ಎಣ್ಣೆಯ ಅಭಿಷೇಕ. ಅದಕ್ಕೆ ಎಣ್ಣೆಮಜ್ಜನ ಎಂದೇ ಹೆಸರು. ಸೊಲ್ಲಾಪುರದ ಮರಾಠಿ ಪತ್ರಿಕೆಗಳೂ ಅದನ್ನೇ ‘ಯಣ್ಣಿಮಜ್ಜನ’ ಎಂದು ಬರೆಯುತ್ತವೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ ಬೀಳುತ್ತದೆ. ಸಿದ್ಧರಾಮರನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಅವರ ಯೋಗದಂಡದ ಜೊತೆ ಲಗ್ನವಾಯಿತು ಎನ್ನುವುದು ಕಥೆ. ಲಗ್ನದ ಮುಂಚೆ ಎಣ್ಣೆ ಹಚ್ಚಬೇಕಲ್ಲ!

ವಾರಾಂತ್ಯದ ಸ್ಪಾ ಪ್ರವಾಸಗಳ ಕುರಿತು ಬರೆಯಲು ಕೂತಾಗ ನನಗೆ ಮೊದಲು ಹೊಳೆದದ್ದು ಈ ಮೆರವಣಿಗೆಯೇ. ಸೊಲ್ಲಾಪುರ, ಅಕ್ಕಲಕೋಟೆ, ನಮ್ಮ ಹನ್ನೂರದ ಸೀಮೆಯಲ್ಲಿ ಇನ್ನೊಬ್ಬರ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳುವುದಕ್ಕೆ ಒಂದು ಸರದಿ ಇರುತ್ತದೆ. ದೇವರಿಗೆ ಸಂಕ್ರಾಂತಿ. ಮದುಮಕ್ಕಳಿಗೆ ಅರಿಶಿಣದ ದಿನ. ಪೈಲವಾನನಿಗೆ ತಾಲೀಮು ಮುಗಿದ ಮೇಲೆ. ಅಳಿಯನಿಗೆ, ಗಂಡುಮಕ್ಕಳಿಗೆ ದೀಪಾವಳಿಯ ನಸುಕು. ಎಳೆಗೂಸಿಗೆ ದಿನಾ. ದುಡಿಯುವ ಹೆಂಗಸಿಗೆ? ಬಾಣಂತನದಲ್ಲಿ ಮಾತ್ರ. ಎರಡು ಹಡೆದರೆ ಎರಡು ಸಲ, ಮೂರು ಹಡೆದರೆ ಮೂರು ಸಲ. ಉಳಿದ ಆಯುಷ್ಯವೆಲ್ಲ ಆಕೆ ಹಚ್ಚುವವಳು, ಹಚ್ಚಿಸಿಕೊಳ್ಳುವವಳಲ್ಲ.

ಆ ಒಂದು ಸರದಿ ಮಾತ್ರ ಭಾರಿಯಾಗಿರುತ್ತಿತ್ತು. ಬಾಣಂತಿ ಕೋಣೆಗೆ ಗಾಳಿ ಆಡದಂತೆ ಕಿಟಕಿಗೆ ಕೌದಿ. ಬಚ್ಚಲಲ್ಲಿ ಹಂಡೆ, ಕೆಳಗೆ ತೊಗರಿ ಕಟ್ಟಿಗೆಯ ಉರಿ. ಎರೆಯುವಾಕಿ ಬಂದವಳೇ ಸೆರಗು ಬಿಗಿದು, ಕಾಸಿದ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಬೆನ್ನು, ಸೊಂಟ, ಮೀನಖಂಡಗಳನ್ನು ಅಂಗೈಯಿಂದ ಒತ್ತಿ ತಿಕ್ಕುತ್ತಿದ್ದಳು. ಮೇಲೆ ಕಡ್ಲಿಹಿಟ್ಟು, ತಲೆಗೆ ಶೀಗಿಕಾಯಿ. ಬಾಣಂತಿ ಸಾಕೆಂದರೂ ಬಿಡದೆ ತಂಬಿಗೆಯಿಂದ ಸೊಂಟಕ್ಕೆ ಬಿಸಿನೀರು ಅಪ್ಪಳಿಸುವುದು. ಕಡೆಗೆ ಹೊರಸಿನ ಕೆಳಗೆ ಕೆಂಡ, ಅದಕ್ಕೆ ಅಜವಾನ, ಮೇಲೆ ಹೊದಿಕೆ, ಬೆವರು ಸುರಿಯುವವರೆಗೆ ಶಾಖ. ದೊಡ್ಡ ರೆಸಾರ್ಟಿನ ಪಟ್ಟಿಯಲ್ಲಿ ‘ಅಭ್ಯಂಗ’, ‘ಉದ್ವರ್ತನ’, ‘ಸ್ವೇದನ’ ಎಂದು ಒಂದರ ಕೆಳಗೊಂದು ಬರುವ ಮೂರೂ ಕೆಲಸಗಳು ಅಲ್ಲಿ ಅದೇ ಕ್ರಮದಲ್ಲಿ ನಡೆಯುತ್ತಿದ್ದವು. ಎಲ್ಲವೂ ಒಳ್ಳೆಯದಾಗಿತ್ತೆಂದು ನಾನು ಹೇಳುವುದಿಲ್ಲ. ಮುಚ್ಚಿದ ಕೋಣೆಯ ಹೊಗೆ ಕೂಸಿನ ಎದೆಗೆ ಕೆಟ್ಟದ್ದು. ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಮೈಗೆ ಹಗುರಾಗಿ ಎಣ್ಣೆ ಸವರುವುದರ ವಿಚಾರ ಬೇರೆ. ಢಾಕಾದ ಶಿಶು ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಸವರಿ ನೋಡಿದಾಗ ಸೋಂಕು ಕಡಿಮೆಯಾದದ್ದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು.

ಎಣ್ಣೆ ಎಂದರೆ ನಮ್ಮಲ್ಲಿ ಹಿಂದೆ ಕುಸುಬಿಯದು. ಹಿಂಗಾರಿ ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು ಬಿತ್ತುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ, ಸುಗ್ಗಿಗೆ ಗಾಣಕ್ಕೆ ಕಾಳೂ ಆಗುತ್ತಿತ್ತು. ಅಡಿಗೆಗೆ ಅದು ಸೊಗಸು. ಮೈಗೆ ಹಚ್ಚಲು ಮಾತ್ರ ತಿಳಿದವರು ಎಳ್ಳೆಣ್ಣೆಯನ್ನೇ ಆರಿಸುತ್ತಿದ್ದರು, ಆಯುರ್ವೇದವೂ ಅದಕ್ಕೇ ಮೊದಲ ಮಣೆ ಹಾಕಿದೆ. ಕಾರಣ ಸರಳ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ. ಗಾಳಿ ತಾಗಿದರೆ ಅದು ಬೇಗ ಅಂಟಾಗುತ್ತದೆ, ಕಮಟುತ್ತದೆ. ಎಳ್ಳೆಣ್ಣೆಯಲ್ಲಿರುವ ಸೆಸಮಾಲ್‌ನಂಥ ಅಂಶಗಳು ಅದನ್ನು ಕೆಡದಂತೆ ಕಾಯುತ್ತವೆ. ಈ ಅಂಟಿನ ಮಾತು ನೆನಪಿಟ್ಟುಕೊಳ್ಳಿ, ಟವೆಲ್ಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಸುಖಸ್ನಾನ ಶ್ರೀಮಂತರ ಹೊಸ ಚಟ ಎಂದು ಬೈಯುವವರಿಗೆ ನಮ್ಮ ನೆಲದ್ದೇ ಒಂದು ಹಳೆಯ ಪುಸ್ತಕ ತೋರಿಸಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅರಸನು ಅನುಭವಿಸಬೇಕಾದ ಉಪಭೋಗಗಳಿಗೆ ಅದರಲ್ಲಿ ದೊಡ್ಡ ಭಾಗವೇ ಮೀಸಲು. ಸ್ನಾನ, ಮೈಗೆ ಲೇಪನ, ತಾಂಬೂಲ, ಊಟ, ಎಲ್ಲವನ್ನೂ ಬಿಡದೆ ವಿವರಿಸಿದ್ದಾನೆ. ಅದೇ ಶತಮಾನದಲ್ಲಿ, ಅದೇ ಸೀಮೆಯ ಸೊನ್ನಲಿಗೆಯಲ್ಲಿ, ಅಂದರೆ ಇವತ್ತಿನ ಸೊಲ್ಲಾಪುರದಲ್ಲಿ, ಸಿದ್ಧರಾಮರು ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸುತ್ತಿದ್ದರು. ಒಬ್ಬನು ಹೇಗೆ ಮೀಯಬೇಕೆಂದು ಬರೆದ, ಇನ್ನೊಬ್ಬರು ಮೀಯಲು ನೀರು ಹುಡುಕಿದರು. ನಮ್ಮ ಸೀಮೆಯ ಜನ ಎಣ್ಣೆಮಜ್ಜನ ಮಾಡಿಸುವುದು ಯಾರಿಗೆ ಎಂಬುದು ಆಗಲೇ ಗೊತ್ತಾಯಿತಲ್ಲ.

ಮೈ ಒತ್ತುವುದನ್ನು ದುಡ್ಡಿಗೆ ಮಾರಿದ ಭಾರತೀಯರಲ್ಲಿ ಹೆಸರಾದವನು ಪಟ್ನಾದ ಸೇಕ್ ದೀನ್ ಮಹಮ್ಮದ್. 1814ರ ಹೊತ್ತಿಗೆ ಇಂಗ್ಲೆಂಡಿನ ಬ್ರೈಟನ್ ಕಡಲತೀರಕ್ಕೆ ಬಂದು ಹಬೆಸ್ನಾನ ಮತ್ತು ಚಂಪಿಯ ಮನೆ ತೆರೆದ. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರೂ ರಾಜರು ಅವನ ಗಿರಾಕಿಗಳಾದರು. ಇಲ್ಲಿ ಹಳ್ಳಿಯ ಬಚ್ಚಲಲ್ಲಿ ನಡೆಯುತ್ತಿದ್ದುದಕ್ಕೆ ಅಲ್ಲಿ ರಾಜವೈಭವ ಬಂತು. ನಾವು ಈಗ ಅದನ್ನು ಅಲ್ಲಿನ ದರಕ್ಕೆ ತಿರುಗಿ ಕೊಳ್ಳುತ್ತಿದ್ದೇವೆ, ಅಷ್ಟೇ.

ನಮ್ಮ ಕಡೆಯವರ ಸ್ಪಾ ದಾರಿ ಹೆಚ್ಚಾಗಿ ಪುಣೆಯದು. ಅಕ್ಕಲಕೋಟೆ ತಾಲೂಕಿನ ಹುಡುಗ-ಹುಡುಗಿಯರು ಅಲ್ಲಿ ನೌಕರಿಗಿದ್ದಾರೆ, ಶನಿವಾರ ಬಂದರೆ ಮುಳಶಿ, ಲೋಣಾವಳದ ಕಡೆ ಓಡುತ್ತಾರೆ. ಬೆಂಗಳೂರು ಸೇರಿದವರಿಗೆ ಕೊಡಗಿನ ಕಾಫಿ ತೋಟದ ರೆಸಾರ್ಟುಗಳು. ಕೆಲಸ ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಅರವತ್ತು ಅಥವಾ ತೊಂಬತ್ತು ನಿಮಿಷ, ಮಂದ ಬೆಳಕು, ಲೆಮನ್‌ಗ್ರಾಸ್ ವಾಸನೆ, ಎಲ್ಲಿಂದಲೋ ಕೊಳಲು. ‘ಸ್ವೀಡಿಷ್’ ಎಂದರೆ ನೀಳವಾಗಿ ಸವರುವುದು, ನಾದುವುದು. ಆ ಕ್ರಮವನ್ನು ಒಪ್ಪಗೊಳಿಸಿದವನು ಸ್ವೀಡನ್ನಿನವನಲ್ಲ, ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್. ‘ಡೀಪ್ ಟಿಶ್ಯೂ’ ಎಂದರೆ ಮೊಣಕೈ ಊರಿ ಒತ್ತುವುದು. ಶಿರೋಧಾರೆಯಲ್ಲಿ ಹಣೆಯ ಮೇಲೆ ಎಣ್ಣೆಯ ಸಣ್ಣ ಧಾರೆ. ಚಿನ್ನದ ರೇಕಿನ ಮುಖಲೇಪ, ಚಾಕೊಲೇಟ್ ಸುತ್ತು ಮುಂತಾದವುಗಳಿಗೆ ದುಡ್ಡು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಚಿನ್ನ ಚರ್ಮಕ್ಕೆ ಏನನ್ನೂ ಕೊಡುವುದಿಲ್ಲ. ಒಳ್ಳೆಯ ಕೈಗೆ ಕೊಟ್ಟ ದುಡ್ಡು ಮಾತ್ರ ದಂಡವಲ್ಲ.

ಊರಲ್ಲಿ ಎಷ್ಟೋ ಬಾಣಂತಿಯರಿಗೆ ಎರೆದ ನಮ್ಮ ಅತ್ತಿಯನ್ನು ಮೊಮ್ಮಗಳು ಪುಣೆಯ ಒಂದು ಸ್ಪಾಗೆ ಕರೆದೊಯ್ದಿದ್ದಳು. ದರಪಟ್ಟಿ ಕೇಳಿ ಅತ್ತಿ, “ಎಣ್ಣಿ ತಿಕ್ಕಾಕ ಇಷ್ಟ ರೊಕ್ಕಾ ಕೊಡ್ತಾರೇನವ್ವಾ? ಹಂಗಾದ್ರ ನಾ ಈಟೊತ್ತಿಗೆ ಬಂಗ್ಲೆ ಕಟ್ಟಸ್ತಿದ್ದೆ” ಅಂದಳಂತೆ. ಒಳಗೆ ಮಲಗಿದ ಮೇಲೂ ಬಾಯಿ ಸುಮ್ಮನಿರಲಿಲ್ಲ. ಒತ್ತುವ ಹುಡುಗಿ ಮಿಜೋರಾಮಿನವಳು, ಅವಳಿಗೆ ಕನ್ನಡ ಬರದು, ಅತ್ತಿಗೆ ಹಿಂದಿ ಬರದು. ಆದರೂ ಇಲ್ಲಿ ಹೆಬ್ಬಟ್ಟು ಊರು, ಇಲ್ಲಿ ಬ್ಯಾಡ ಎಂದು ಕೈಸನ್ನೆಯಲ್ಲೇ ಪಾಠ ನಡೆಯಿತು. ಕಡೆಗೆ ಆ ಹುಡುಗಿಯ ಕೈಗಳನ್ನು ತಿರುವಿ ನೋಡಿ ಅತ್ತಿ ಕೇಳಿದ್ದು ಒಂದೇ: “ನಿನಗ ಯಾರ ಒತ್ತತಾರ?” ಮೊಮ್ಮಗಳು ಹಿಂದಿಯಲ್ಲಿ ತಿಳಿಸಿದಾಗ ಹುಡುಗಿ ನಕ್ಕಳಂತೆ, ಉತ್ತರ ಹೇಳಲಿಲ್ಲವಂತೆ.

ಅತ್ತಿಗೆ ಆಗ ಬಾಣಂತನದ ವಯಸ್ಸು ದಾಟಿ ಎಷ್ಟೋ ಕಾಲ. ಮಗು ಹೆರದೆ, ಕಾಯಿಲೆ ಬೀಳದೆ, ಬರೀ ದಣಿವಾಗಿದೆ ಎಂಬ ಕಾರಣಕ್ಕೆ ಮೈಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಅದೇ ಮೊದಲು. ಸ್ಪಾ ಸಂಸ್ಕೃತಿಯನ್ನು ಗೇಲಿ ಮಾಡುವ ಲೇಖನಗಳನ್ನು ಓದಿದಾಗ ನನಗೆ ಇದೇ ನೆನಪಾಗುತ್ತದೆ. ಅಲ್ಲಿ ದುಡ್ಡು ಕೊಟ್ಟವರಿಗೆಲ್ಲ ಸರದಿ ಬರುತ್ತದೆ. ದುಡ್ಡಿಲ್ಲದವರಿಗೆ ಬರುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಅವರಿಗೂ ಸರದಿ ಬರಲಿ ಎಂದು ಒಬ್ಬರು ಯೋಚಿಸಿದ್ದರು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ಪುಣೆಗೆ ಸುಮಾರು 30 ಕಿಲೋಮೀಟರ್ ಇರುವಾಗ ಉರುಳಿಕಾಂಚನ ಎಂಬ ನಿಲ್ದಾಣ ದಾಟುತ್ತದೆ. ಗಾಂಧೀಜಿಗೆ ಮಣ್ಣುಪಟ್ಟಿ, ನೀರಿನ ತೊಟ್ಟಿಯ ಚಿಕಿತ್ಸೆಗಳ ಹುಚ್ಚು ದಕ್ಷಿಣ ಆಫ್ರಿಕಾದಿಂದಲೇ ಇತ್ತು; ಜರ್ಮನಿಯ ಲೂಯಿ ಕೂನೆ, ಅಡಾಲ್ಫ್ ಜಸ್ಟ್ ಇಬ್ಬರ ಪುಸ್ತಕಗಳ ಪ್ರಭಾವ ಅದು. ಪುಣೆಯಲ್ಲಿ ಡಾ. ದಿನಶಾ ಮೆಹತಾ ಅವರ ಚಿಕಿತ್ಸಾಲಯದೊಂದಿಗೆ ಅವರಿಗೆ ನಂಟಿತ್ತು. ಬಡವರಿಗೆಂದು ಮಾಡುವ ಕೆಲಸ ಪಟ್ಟಣದಲ್ಲಿ ಆಗದ ಮಾತು ಎಂದು ಮನಗಂಡು 1946ರ ಮಾರ್ಚಿನಲ್ಲಿ ಉರುಳಿಗೆ ಬಂದರು. ಅಲ್ಲಿ ನಿಸರ್ಗೋಪಚಾರ ಆಶ್ರಮ ಹುಟ್ಟಿತು. ಅದನ್ನು ಕಟ್ಟಿ ನಿಲ್ಲಿಸಿದವರು ಮಣಿಭಾಯಿ ದೇಸಾಯಿ. ಇವತ್ತಿಗೂ ಅಲ್ಲಿ ಮಾಲೀಶು, ಹಬೆ, ಸೊಂಟದ ತೊಟ್ಟಿ, ಎಣ್ಣೆ-ಖಾರ ಇಲ್ಲದ ಊಟ ನಡೆಯುತ್ತವೆ. ಕೊಳಲಿನ ಕ್ಯಾಸೆಟ್ ಹುಡುಕಬೇಡಿ. ಕರ್ನಾಟಕದಲ್ಲಿ ಇದೇ ಜಾತಿಯವು ಧರ್ಮಸ್ಥಳದ ಶಾಂತಿವನ ಮತ್ತು 1979ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಆರಂಭವಾದ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ. ಸುಖಕ್ಕೆ ಹೋಗುವವರು ಇಲ್ಲಿಗೆ ಬಂದರೆ ಮೂರನೆಯ ದಿನ ಓಡಿಹೋಗುವ ಸಂಭವ ಉಂಟು; ನಿದ್ದೆ ಬೇಕಾದವರಿಗೆ ಮಾತ್ರ ಇದು ರೆಸಾರ್ಟಿಗಿಂತ ಮೇಲು.

ಈಗ ಟವೆಲ್. ಸ್ಪಾದಲ್ಲಿ ಮೈಗೆ ತಾಗುವ ಮೊದಲ ವಸ್ತು ಕೈಯಲ್ಲ, ಟವೆಲ್. ಅದರಲ್ಲಿ ಸೊಲ್ಲಾಪುರದ ಹೆಸರು ದೊಡ್ಡದು. 1877ರಲ್ಲಿ ಸ್ಥಾಪನೆಯಾದ ‘ಜುನೀ ಮಿಲ್’ ಮುಚ್ಚಿ ದಶಕಗಳೇ ಆದವು, ಮಗ್ಗಗಳು ಮಾತ್ರ ಉಳಿದವು. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿಗಳ ಬಡಾವಣೆಗಳಲ್ಲಿ ಇಂದಿಗೂ ವಿದ್ಯುತ್ ಮಗ್ಗಗಳ ಸದ್ದು. ಸೊಲ್ಲಾಪುರಿ ಚಾದರಕ್ಕೂ ಟೆರಿ ಟವೆಲ್ಲಿಗೂ 2005-06ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ.

ಟೆರಿಯ ಜಾಣ್ಮೆ ಇರುವುದು ಎರಡು ಹಾಸಿನಲ್ಲಿ. ಒಂದು ಹಾಸು ಬಿಗಿಯಾಗಿ ಎಳೆದದ್ದು, ಇನ್ನೊಂದು ಸಡಿಲ ಬಿಟ್ಟದ್ದು. ಎರಡು ಹೊಕ್ಕುಗಳನ್ನು ಬಟ್ಟೆಯ ಅಂಚಿಗೆ ತಾಗಿಸದೆ ಸ್ವಲ್ಪ ದೂರದಲ್ಲೇ ನಿಲ್ಲಿಸುತ್ತಾರೆ. ಮೂರನೆಯದು ಬಿದ್ದಾಗ ಹಣಿಗೆ ಮೂರನ್ನೂ ಒಟ್ಟಿಗೆ ತಳ್ಳುತ್ತದೆ. ಆಗ ಬಿಗಿ ಹಾಸು ಅಲ್ಲೇ ನಿಂತು, ಸಡಿಲ ಹಾಸು ಮೇಲೆದ್ದು ಕುಣಿಕೆಯಾಗುತ್ತದೆ. ಆ ಕುಣಿಕೆಗಳೇ ನೀರು ಕುಡಿಯುವುದು. ಒಳ್ಳೆಯ ಹೋಟೆಲಿನ ಟವೆಲ್ ಚದರ ಮೀಟರಿಗೆ 400ರಿಂದ 600 ಗ್ರಾಂ ತೂಗುತ್ತದೆ. ಸ್ಪಾಗಳಲ್ಲಿ ಅದು ಹೆಚ್ಚಾಗಿ ಬಿಳಿಯದೇ. ಕುದಿನೀರು, ಬ್ಲೀಚು ಎರಡನ್ನೂ ತಾಳಬೇಕಲ್ಲ.

ಕುಸುಬಿಯಂಥ ಅಂಟು ಎಣ್ಣೆಗಳ ಮಾತು ಇಲ್ಲಿಗೆ ಬಂತು. ಆ ಎಣ್ಣೆ ಹೀರಿದ ಟವೆಲ್ಲು ಸರಿಯಾಗಿ ತೊಳೆಯದೆ ಡ್ರೈಯರಿಗೆ ಹೋಗಿ, ಬಿಸಿಬಿಸಿ ಇರುವಾಗಲೇ ರಾಶಿ ಬಿದ್ದರೆ, ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಒಳಗೊಳಗೇ ಕಾಯುತ್ತದೆ. ರಾಶಿಯ ನಡುವಿನ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ. ಸ್ಪಾಗಳ ಲಾಂಡ್ರಿಯಲ್ಲಿ ಹೀಗೆ ಬೆಂಕಿ ಬಿದ್ದ ಪ್ರಸಂಗಗಳು ವಿದೇಶಗಳಲ್ಲಿ ದಾಖಲಾಗಿವೆ. ಮನೆಯಲ್ಲೂ ಎಣ್ಣೆ ಒರೆಸಿದ ಬಟ್ಟೆಯನ್ನು ಗಂಟು ಕಟ್ಟಿ ಮೂಲೆಗೆಸೆಯದೆ ಹರವಿ ಹಾಕುವುದು ಇದಕ್ಕೇ.

ತೊಳೆಯಲು ನೀರು ಬೇಕು. ಒಬ್ಬ ಗಿರಾಕಿಗೆ ಮೂರು-ನಾಲ್ಕು ಟವೆಲ್, ಹಾಸಿಗೆಯ ಮೇಲೊಂದು, ಕೆಳಗೊಂದು. ಮೇಲೆ ಜಕೂಜಿ, ಹಬೆ. ಭೀಮೆಗೆ ಉಜನಿಯಂಥ ಜಲಾಶಯವಿದ್ದೂ ಸೊಲ್ಲಾಪುರದ ನಲ್ಲಿಗಳು ನಾಲ್ಕೈದು ದಿನಕ್ಕೊಮ್ಮೆ ಹನಿಸಿದ ಕಾಲವುಂಟು. ಅಕ್ಕಲಕೋಟೆಗೆ ಬೋರಿ ಹೊಳೆಯ ಕುರನೂರ ಅಣೆಕಟ್ಟೇ ಆಸರೆ, ಅದೂ ಮಳೆ ನೋಡಿಕೊಂಡು. ದೀಪಾವಳಿಯ ಮುನ್ನಾದಿನ ಹಂಡೆ ಬೆಳಗಿ ನೀರು ತುಂಬಿ ಪೂಜೆ ಮಾಡುವ ಜನ ನಾವು. ಹೀಗಾಗಿ ರೆಸಾರ್ಟಿನ ಜಾಹೀರಾತಿನಲ್ಲಿ ‘ಜಲವಿಹಾರ’ ಕಂಡಾಗ ನಾನು ಮೊದಲು ಕೇಳುವುದು ಅದರ ಸುತ್ತಲಿನ ಹಳ್ಳಿಯವರಿಗೆ ನೀರು ಎಷ್ಟು ದಿನಕ್ಕೊಮ್ಮೆ ಎಂದು. ಬುಕ್ಕಿಂಗ್ ಕೌಂಟರಿನ ಹುಡುಗರಿಗೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಜ್ವರವಿದ್ದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಮಾಲೀಶು ಬೇಡ. ಹೃದಯದ ತೊಂದರೆ, ಹೆಚ್ಚಿನ ರಕ್ತದೊತ್ತಡ ಉಳ್ಳವರು ಹಬೆಕೋಣೆಗೆ ಹೋಗುವ ಮೊದಲು ವೈದ್ಯರನ್ನು ಕೇಳಿ. ಬಸುರಿಯಾಗಿದ್ದರೆ ಬಾಗಿಲಲ್ಲೇ ಹೇಳಿ. ಯಾವ ಎಣ್ಣೆ ಎಂದು ಕೇಳಿ, ಬಾಟಲಿ ಮೂಸಿ ನೋಡಿ; ಕಮಟಿದ್ದರೆ ಬೇರೆ ತರಿಸಿ. ನೋವಾದರೆ ಅತ್ತಿಯಂತೆ ಬಾಯಿ ಬಿಡಿ. ಟಿಪ್ಪನ್ನು ಬಿಲ್ಲಿನ ಮೇಲೆ ಬರೆಯದೆ ಒತ್ತಿದವಳ ಕೈಗೇ ಕೊಡಿ.

ದುಡ್ಡು ಕಡಿಮೆ ಇದ್ದವರು ಎರಡು ಒಳ್ಳೆಯ ಸೊಲ್ಲಾಪುರಿ ಟವೆಲ್ ಕೊಂಡು, ಎಳ್ಳೆಣ್ಣೆ ಕಾಸಿ, ಭಾನುವಾರ ಮನೆಯ ಹೆಂಗಸನ್ನು ಕೂರಿಸಿ ಗಂಡಸರೇ ಹಚ್ಚಲಿ. ಹೊಸ ಟವೆಲ್ ಮೊದಲ ದಿನ ನೀರು ಹೀರುವುದಿಲ್ಲ, ಎರಡು-ಮೂರು ಸಲ ಬರೀ ನೀರಿನಲ್ಲಿ ಹಿಂಡಿ ಒಣಗಿಸಿ. ಮೆತ್ತಗಾಗಲೆಂದು ಸಾಫ್ಟ್‌ನರ್ ಹಾಕಬೇಡಿ, ಅದು ಕುಣಿಕೆಗಳ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೊಲ್ಲುತ್ತದೆ. ಬಳಸಿದ ಮೇಲೆ ಎಣ್ಣೆ ಟವೆಲ್ಲನ್ನು ತೊಳೆಯುವವರೂ ಅವರೇ ಆಗಲಿ.