ಚಿಗರಿ ಎಣಿಸುವವರು ತೋಳವನ್ನೂ ಎಣಿಸಲಿ

ಲಿಂಗಸುಗೂರು, ಮಸ್ಕಿ ಕಡೆಯ ಎರಿ ಹೊಲದ ರೈತನಿಗೆ ಚಿಗರಿಯ ಚಿಂತೆ. ಕಡಲೆ, ಜೋಳ ನಾಲ್ಕೆಲೆ ಬಿಡುವುದೇ ತಡ, ಹಿಂಡು ಇಳಿದು ಮೇದು ಹೋಗುತ್ತದೆ. ಅದೇ ಸೀಮೆಯ ಕುರಿಗಾರನಿಗೆ ತೋಳದ ಚಿಂತೆ. ಹಟ್ಟಿಯ ಮಗ್ಗುಲಿಗೇ ಬಂದು ಮರಿ ಎತ್ತಿಕೊಂಡು ಹೋಗುತ್ತದೆ. ಚಿಗರಿ ಭಾಳ ಆಗ್ಯಾವ್ರಿ ಎಂದು ಒಬ್ಬ, ತ್ವಾಳ ಭಾಳ ಆಗ್ಯಾವ್ರಿ ಎಂದು ಇನ್ನೊಬ್ಬ. ಇಬ್ಬರ ದೂರೂ ಹೋಗುವುದು ಒಂದೇ ಅರಣ್ಯ ಇಲಾಖೆಗೆ. ಭಾಳ ಅಂದರೆ ಎಷ್ಟು? ಲೆಕ್ಕ ಬೇಡವೇ?

ಲೆಕ್ಕ ಹಾಕುವ ಬಗೆಯನ್ನು ತೋರಿಸಿಕೊಟ್ಟವರಿದ್ದಾರೆ. ಗುಜರಾತಿನ ಭಾವನಗರದ ಬಳಿಯ ವೇಳಾವದರ ಹುಲ್ಲುಗಾವಲು 1976ರಲ್ಲಿ ಚಿಗರಿಗಳಿಗಾಗಿಯೇ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರು. ಯಾದವೇಂದ್ರದೇವ ಝಾಲಾ ಅವರು ಅಲ್ಲಿ ಚಿಗರಿ, ತೋಳ ಎರಡನ್ನೂ ಕೂಡಿಯೇ ಅಭ್ಯಾಸ ಮಾಡಿ 1991ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಿಂದ ಡಾಕ್ಟರೇಟ್ ಪಡೆದರು. ಚಿಗರಿ ಏನು ಮೇಯುತ್ತದೆ, ತೋಳ ಯಾವ ಚಿಗರಿಯನ್ನು ಹೊಡೆಯುತ್ತದೆ ಎಂಬುದೆಲ್ಲ ಅದರಲ್ಲಿ ಬಂತು. ಬಳ್ಳಾರಿ ಜಾಲಿಯ ಕಾಯಿ ತಿಂದು ಅದರ ಬೀಜ ಹರಡುವುದೂ ಇದೇ ಚಿಗರಿ. ನಮ್ಮ ಗಾಯರಾಣಗಳನ್ನು ನುಂಗಿ ಕುಳಿತದ್ದು ಅದೇ ಜಾಲಿ.

ತೋಳ ಸತ್ತರೆ ಪೀಡೆ ಹೋಯಿತು ಎನ್ನುವವರು ಒಂದು ಮಾತು ಕೇಳಬೇಕು. ಚಿಗರಿಯನ್ನು ಬೇಟೆಯಾಡುತ್ತಿದ್ದ ಚೀತಾ ಅಳಿಯಿತೆಂದು 1952ರಲ್ಲೇ ಘೋಷಣೆಯಾಯಿತು. ಆಮೇಲೆ ಈ ಬಯಲಿನಲ್ಲಿ ಬೆಳೆದ ಚಿಗರಿಯನ್ನು ಹಿಡಿಯಬಲ್ಲದ್ದಾಗಿ ಉಳಿದದ್ದು ಮುಖ್ಯವಾಗಿ ತೋಳ. ದೇಶದಲ್ಲಿ 2022ರ ಅಂದಾಜಿನಂತೆ ಹುಲಿ 3,682; ತೋಳ 3,000ದ ಆಸುಪಾಸು. 1972ರ ವನ್ಯಜೀವಿ ಕಾಯದೆಯ ಒಂದನೇ ಪಟ್ಟಿಯಲ್ಲಿ ಚಿಗರಿಯೂ ಇದೆ, ತೋಳವೂ ಇದೆ.

ನೆರೆಯ ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಾಗಿದೆ. ಒಳ್ಳೆಯ ಕೆಲಸವೇ. ಆದರೆ ತೋಳದ ಒಂದು ಗುಂಪು ನೂರು ಚದರ ಕಿಲೋಮೀಟರಿಗೂ ಮಿಕ್ಕಿ ತಿರುಗುವುದುಂಟು. 332 ಎಕರೆ ಎಂದರೆ ಒಂದೂಕಾಲು ಚದರ ಕಿಲೋಮೀಟರಿನ ಮೇಲೆ ಸ್ವಲ್ಪ. ಮಿಕ್ಕ ತಿರುಗಾಟವೆಲ್ಲ ರೈತನ ಹೊಲದಲ್ಲಿ, ಕುರಿ ಮೇಯುವ ಬಯಲಿನಲ್ಲಿ.

ಸಿಂಧನೂರು ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದು ನೆಲ ಭತ್ತದ ಗದ್ದೆಯಾಯಿತು. ಗದ್ದೆಯ ಕೆಸರು ಓಡುವ ಚಿಗರಿಗೆ ಒಗ್ಗದು. ಅದಕ್ಕೆ ಒಣಬೇಸಾಯದ ಎರಿ, ಬೀಳು, ಗಾಯರಾಣವೇ ಬೇಕು. ಅದೇ ನೆಲ ಬಡ ರೈತನದು, ಕುರಿಗಾರನದು.

ಆದ್ದರಿಂದ ಈ ಮೂರು ತಾಲೂಕುಗಳನ್ನು ಕೂಡಿಸಿ ಒಂದು ಲೆಕ್ಕ ಆಗಬೇಕು. ರಾಯಚೂರಿನಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಓದುವ ಹುಡುಗರಿದ್ದಾರೆ. ಒಬ್ಬರು ಎರಡು ಮೂರು ಹಂಗಾಮು ಹೊಲ, ಹಟ್ಟಿ ತಿರುಗಿ, ಚಿಗರಿ ಎಷ್ಟು, ತೋಳ ಎಷ್ಟು, ಹಾಳಾದ ಪೈರೆಷ್ಟು, ಹೋದ ಕುರಿ ಎಷ್ಟು ಎಂದು ಬರೆದಿಡಲಿ. ತೋಳದ ಹೆಜ್ಜೆ ಯಾವುದು, ನಾಯಿಯ ಹೆಜ್ಜೆ ಯಾವುದು ಎಂದು ಹೇಳಿಕೊಡಲು ಕುರಿಗಾರರಿದ್ದಾರೆ, ಅವರನ್ನು ಕೇಳಲಿ. ಆ ಲೆಕ್ಕ ಕೈಯಲ್ಲಿದ್ದರೆ ಪರಿಹಾರ ಕೇಳುವ ರೈತನ ಮಾತಿಗೂ ತೂಕ ಬರುತ್ತದೆ, ಯಾವ ಬಯಲನ್ನು ಉಳಿಸಬೇಕೆಂಬುದು ಇಲಾಖೆಗೂ ತಿಳಿಯುತ್ತದೆ.