ಡೊಳ್ಳು ಕೊಳ್ಳೋ ಮೊದಲು ಹೆಗಲು ನೋಡಿ

ಹೊಸಬಾಳೆಯಿಂದ ಮಾತಾಡ್ತಿದ್ದೀನಿ. ಮನೇಲಿ ಡೊಳ್ಳು ಕುಣಿತ ಕಲಿಯೋಕೆ ಹೊರಟ ತಂಗಿನೋ ತಮ್ಮನೋ ಇದ್ರೆ ಇವತ್ತಿನ ಸಂಚಿಕೆ ನಿಮಗೇ.

ನಮ್ಮಕ್ಕನ ಮಗಳಿಗೆ ಒಂಬತ್ತು ವರ್ಷ. ಪ್ರತಿಭಾ ಕಾರಂಜಿಗೆ ಅಂತ ಶಾಲೆಯ ಡೊಳ್ಳು ತಂಡಕ್ಕೆ ಸೇರಿದಳು. ಖುಷಿಗೆ ನಾನು ದೊಡ್ಡವರು ಬಾರಿಸೋ ಹಳೇ ಡೊಳ್ಳೊಂದನ್ನ ತಂದುಕೊಟ್ಟೆ. ಎರಡೇ ದಿನ. ಹೆಗಲ ಮೇಲೆ ಹಗ್ಗದ ಕೆಂಪು ಬರೆ! ನೋವು ಅಂದ್ರೆ ತಂಡದಿಂದ ಬಿಡಿಸ್ತಾರೆ ಅಂತ ಹೆದರಿ ಅವಳು ಬಾಯೇ ಬಿಟ್ಟಿರಲಿಲ್ಲ.

ಆಮೇಲೆ ತೂಕ ನೋಡಿದೆ. ಬರೀ ಅವಳು 24 ಕಿಲೋ, ಡೊಳ್ಳು ಹೊತ್ತು ನಿಂತರೆ 31. ಅಂದ್ರೆ 7 ಕಿಲೋ ಹೊತ್ಕೊಂಡು ಕುಪ್ಪಳಿಸಬೇಕು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಪ್ರಕಾರ ಬ್ಯಾಗ್ ತೂಕ ಮಗುವಿನ ತೂಕದ ಶೇ. 10 ದಾಟಬಾರದು. ಅದು ಡೊಳ್ಳಿಗೆ ಬರೆದ ನಿಯಮ ಅಲ್ಲ, ಆದ್ರೆ ನನ್ನ ತಪ್ಪು ತಿಳಿಯೋಕೆ ಅಷ್ಟು ಸಾಕಾಯ್ತು.

ಹಾಗಾದ್ರೆ ಏನು ಕೊಳ್ಳಬೇಕು? ಮೊದಲಿಗೆ ಒಂದು ಕೋಲು ಸಾಕು. ಬಲಗೈಲಿ ಕೋಲು, ಎಡಕ್ಕೆ ಬರೀ ಅಂಗೈ. ತಾಳ ಕೂರೋವರೆಗೆ ಹಳೇ ದಿಂಬಿನ ಮೇಲೆ ಬಾರಿಸಲಿ. ಎರಡನೇದು, ಹಗ್ಗದ ಕೆಳಗೆ ಹಾಕೋಕೆ ದಪ್ಪ ಹತ್ತಿ ಬಟ್ಟೆ. ಮೂರನೇದು, ಮಂಡಿ ಮಡಚೋಕೆ ಆಗೋ ಸಡಿಲ ಚಡ್ಡಿ. ಕುಣಿಯೋದು ಬರಿಗಾಲಲ್ಲಿ, ಹಾಗಾಗಿ ಶೂ ಖರ್ಚಿಲ್ಲ. ಅಂಗಳದ ಕಲ್ಲು ಮಾತ್ರ ಆರಿಸಿ. ಗೆಜ್ಜೆ, ವೇಷ ಕೊಳ್ಳೋ ಮೊದಲು ಮೇಷ್ಟ್ರನ್ನ ಕೇಳಿ, ತಂಡದಲ್ಲೇ ಇರಬಹುದು.

ಡೊಳ್ಳು ಕೊನೆಗೆ. ಮಗುವನ್ನ ಕರ್ಕೊಂಡೇ ಹೋಗಿ, ಹೊತ್ತು ಹತ್ತು ಸಲ ಕುಪ್ಪಳಿಸೋಕೆ ಹೇಳಿ. ಬೆನ್ನು ಹಿಂದಕ್ಕೆ ಬಾಗಿದ್ರೆ ಅದು ಬೇಡ, ಚಿಕ್ಕದು ನೋಡಿ. ಇನ್ನೊಂದು, ಚರ್ಮದ ಡೊಳ್ಳು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಥಂಡಿ ಹಿಡಿದು ಸಡಿಲ ಆಗುತ್ತೆ. ನಾದ ಬರ್ತಿಲ್ಲ ಅಂತ ಮಗುವನ್ನ ಬೈಬೇಡಿ. ಹದವಾಗಿ ಬಿಸಿ ತಾಗಿಸಿ, ಹಗ್ಗ ಬಿಗಿದರೆ ಸರಿಹೋಗುತ್ತೆ.

ಐಪಿಎಲ್ ಚಿಯರ್‌ಲೀಡರ್‌ಗಳನ್ನ ನೋಡಿದೀರಲ್ಲ? ಡೊಳ್ಳಿನವರೂ ಹಾಗೇ ಹುರುಪು ತುಂಬ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಲ್ಲೋದೂ ಉಂಟು. ಅದಕ್ಕೆ ಕೆಳಗೆ ಹಾಸಿಗೆ, ಪಕ್ಕದಲ್ಲಿ ಮೇಷ್ಟ್ರು ಇರಲೇಬೇಕು. ಸರ, ಬಳೆ ಬಿಚ್ಚಿಡಿ.

ನಮ್ಮ ಹುಡುಗಿ ಈಗ ಶಾಲೆಯ ಚಿಕ್ಕ ಡೊಳ್ಳು ಬಾರಿಸ್ತಾಳೆ. ನಾನು ತಂದದ್ದು ಅಟ್ಟದ ಮೇಲಿದೆ, ಅವಳು ಬೆಳೆಯೋವರೆಗೆ. ನೋವಾದ್ರೆ ಹೇಳು, ಯಾರೂ ಬಿಡಿಸಲ್ಲ ಅಂದಿದ್ದೀನಿ. ನಿಮ್ಮ ಮಗುವಿಗೂ ಮೊದಲು ಅದನ್ನೇ ಹೇಳಿ.