19 ಚುಕ್ಕಿ ಇದ್ರೆ ಸಾಕು, ಬಾಗಿಲ ಮುಂದೆ ನಕ್ಷತ್ರ ರೆಡಿ

ದಾವಣಗೆರೆ: ಪಿ.ಜೆ. ಬಡಾವಣೆಯಿಂದ ಹಿಡಿದು ಹರಿಹರದವರೆಗೆ ಎಷ್ಟೋ ಬಾಗಿಲ ಮುಂದೆ ಈಗ ಸ್ಟಿಕ್ಕರ್ ರಂಗೋಲಿ ಬಂದಿದೆ. ಟೈಮ್ ಇಲ್ಲ ಅನ್ನೋದು ಒಂದು ಕಾರಣ, ಚುಕ್ಕಿ ಲೆಕ್ಕ ತಪ್ಪುತ್ತೆ ಅನ್ನೋ ಹೆದರಿಕೆ ಇನ್ನೊಂದು. ಲೆಕ್ಕ ಅಷ್ಟೇನು ಕಷ್ಟ ಇಲ್ಲ ನೋಡಿ.

ಪುಸ್ತಕದಲ್ಲಿ '5 ರಿಂದ 3, ಸಂದು ಚುಕ್ಕಿ' ಅಂತ ಇದ್ರೆ ನಡುಸಾಲಿಗೆ 5 ಚುಕ್ಕಿ ಇಡಿ. ಅದರ ಮೇಲೆ 4, ಆಮೇಲೆ 3. ಕೆಳಗೂ ಹಾಗೇ 4, 3. ಒಟ್ಟು 19. ಹೊಸ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಒಂದರ ನೇರಕ್ಕೆ ಒಂದು ಇಟ್ರೆ ಅದು ಎದುರು ಚುಕ್ಕಿ, ಅದರ ಲೆಕ್ಕವೇ ಬೇರೆ.

ಈಗ ಹೊರಗೆ 6 ಮೂಲೆ ಕಾಣುತ್ತವೆ. ಒಂದು ಮೂಲೆ ಬಿಟ್ಟು ಇನ್ನೊಂದಕ್ಕೆ ಗೆರೆ ಎಳೆಯಿರಿ. ಎರಡು ತ್ರಿಕೋನ ಸೇರಿ ನಕ್ಷತ್ರ ಆಗುತ್ತೆ. ಪ್ರತಿ ಗೆರೆಯೂ ಸರಿಯಾಗಿ ಅರ್ಧದಲ್ಲಿ ಒಂದು ಚುಕ್ಕಿ ಮೇಲೆ ಹಾದುಹೋಗಬೇಕು. ಹೋಗದಿದ್ರೆ ಅಂತರ ತಪ್ಪಿದೆ ಅಂತ ಅರ್ಥ, ಅಲ್ಲೇ ಒರೆಸಿ ಸರಿಮಾಡಿ. ನಡುವಿನ ಚುಕ್ಕಿಯಿಂದ ಸುತ್ತಲ 6 ಚುಕ್ಕಿಗೆ ಎಸಳು ಬರೆಯಿರಿ. ಹೊರಗೆ ಉಳಿಯುವ 6 ಚುಕ್ಕಿಗೆ ಬಣ್ಣ ತುಂಬಿ.

ನೆಲ ಸಾರಿಸಿದ ಮೇಲೆ ಸ್ವಲ್ಪ ಆರಲಿ. ನೀರು ನಿಂತಿದ್ರೆ ಪುಡಿ ಗಂಟಾಗುತ್ತೆ. ನುಣುಪು ಟೈಲ್ಸ್ ಮೇಲಾದ್ರೆ ಮೊದಲು ಸೀಮೆಸುಣ್ಣದಲ್ಲಿ ಚುಕ್ಕಿ ಇಡಿ.

ಮಂಡಿಪೇಟೆಯ ಅಂಗಡಿಯವರಿಗೂ ಇದು ಅನುಕೂಲ. ಚುಕ್ಕಿ ನಡುವೆ ನಾಲ್ಕು ಬೆರಳು ಬಿಟ್ರೆ ಒಂದಡಿ ಜಾಗದಲ್ಲೇ ರಂಗೋಲಿ ಮುಗಿಯುತ್ತೆ, ಗಿರಾಕಿ ಓಡಾಡೋಕೆ ದಾರಿಯೂ ಉಳಿಯುತ್ತೆ.